ನೀರು ಚೆಲ್ಲಿದ್ದು ಅಂದಳು

ಮಗಳಿಗೆ ಆಗ ಒಂಬತ್ತು ವರ್ಷ. ಒಂದೇ ವಾರದಲ್ಲಿ ಮೂರು ಸಲ ಬೆಳಿಗ್ಗೆ ಎದ್ದು "ಅಮ್ಮ, ಬಾಟಲಿ ಬಿದ್ದು ಹಾಸಿಗೆ ಮೇಲೆ ನೀರು ಚೆಲ್ಲಿತು" ಅಂದಳು. ನೋಡಿದರೆ ನಿಜವಾಗಿಯೂ ಬಾಟಲಿ ಮಗುಚಿಕೊಂಡು ಬಿದ್ದಿದೆ, ಹಾಸಿಗೆ ತೊಪ್ಪೆಯಾಗಿದೆ. ಸಂಜೆ ಆರಾದ ಮೇಲೆ ನೀರು ಕುಡಿಯಬಾರದು ಅಂತ ಕಾನೂನು ಮಾಡಿದವಳು ನಾನೇ. ಹಾಗಾಗಿ ನನಗೆ ಸಿಟ್ಟು ಬಂದದ್ದು ಕದ್ದು ನೀರು ಇಟ್ಟುಕೊಂಡಿದ್ದಕ್ಕೆ. ಚೆನ್ನಾಗಿ ಬೈದೆ.

ನಾಲ್ಕನೇ ಸಲ ಬೆಳಗಿನ ಜಾವ ಐದಕ್ಕೆ ಎಚ್ಚರವಾಗಿ ಅವಳ ಕೋಣೆ ಕಡೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಅವಳು ಕತ್ತಲಲ್ಲಿ ಹಾಸಿಗೆ ಪಕ್ಕ ನಿಂತಿದ್ದಳು. ಸದ್ದಾಗದ ಹಾಗೆ ಬಾಟಲಿಯ ಮುಚ್ಚಳವನ್ನು ನೈಟ್‌ಡ್ರೆಸ್ಸಿನ ಅಂಚಿನಲ್ಲಿ ಹಿಡಿದು ತಿರುಗಿಸಿದಳು. ಒದ್ದೆಯಾದ ಜಾಗದ ಮೇಲೆ ಸುತ್ತಲೂ ನಿಧಾನವಾಗಿ ನೀರು ಹೊಯ್ದಳು. ಆಮೇಲೆ ಬಾಟಲಿಯನ್ನು ಅಡ್ಡ ಮಲಗಿಸಿ, ಎರಡು ಹೆಜ್ಜೆ ಹಿಂದೆ ಬಂದು, ಸರಿ ಕಾಣುತ್ತಾ ಅಂತ ನೋಡಿದಳು. ನಾನು ಉಸಿರು ಬಿಗಿಹಿಡಿದು ವಾಪಸ್ ಬಂದು ಮಲಗಿದೆ.

ಹುಟ್ಟಿದಾಗಿನಿಂದ ಅವಳು ಒಂದು ತಿಂಗಳೂ ಪೂರ್ತಿ ಒಣ ಹಾಸಿಗೆಯಲ್ಲಿ ಎದ್ದವಳಲ್ಲ. ನಾನು ಸುಮ್ಮನೆ ಕೂತಿರಲಿಲ್ಲ ಅನ್ನಿ. ರಾತ್ರಿ ಹನ್ನೆರಡಕ್ಕೆ ಎಬ್ಬಿಸಿ, ನಿದ್ದೆಗಣ್ಣಲ್ಲೇ ಎಳೆದುಕೊಂಡು ಹೋಗಿ ಸುಸು ಮಾಡಿಸುತ್ತಿದ್ದೆ. "ತಮ್ಮನೇ ಮಾಡಲ್ಲ, ನೀನು ಇಷ್ಟು ದೊಡ್ಡವಳಾಗಿ" ಅನ್ನುತ್ತಿದ್ದೆ. ಹತ್ತು ದಿನ ಒದ್ದೆ ಮಾಡದಿದ್ದರೆ ಸೈಕಲ್ ಅಂತ ಆಸೆ ತೋರಿಸಿದ್ದೆ. ಮೂರನೇ ದಿನಕ್ಕೆ ಸೈಕಲ್ ಹೋಯಿತು. ಅವತ್ತು ಅವಳು ಅತ್ತಿದ್ದು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಬಾಟಲಿ ಕಂಡ ಮೇಲೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ: "ದಿನಾ ಕಕ್ಕಸಿಗೆ ಸರಿಯಾಗಿ ಹೋಗ್ತೀಯಾ?" ಇದಕ್ಕೂ ಅದಕ್ಕೂ ಏನು ಸಂಬಂಧ ಅನ್ನಿಸಿತು ನನಗೆ. ಸಂಬಂಧ ಇದೆ. ಮಲ ಕಟ್ಟಿಕೊಂಡಿದ್ದರೆ ಅದು ಮುಂದೆ ಇರುವ ಮೂತ್ರಚೀಲವನ್ನು ಒತ್ತುತ್ತದೆ. ಚೀಲಕ್ಕೆ ತುಂಬಲು ಜಾಗವೇ ಸಿಗಲ್ಲ. ನನ್ನ ಮಗಳು ಎರಡು ಮೂರು ದಿನಕ್ಕೊಮ್ಮೆ ಹೋಗುವವಳು, ಅದು ನನಗೆ ಗೊತ್ತೇ ಇರಲಿಲ್ಲ. ಒಂಬತ್ತು ವರ್ಷದವಳ ಹಿಂದೆ ಬಚ್ಚಲಿಗೆ ಯಾರು ಹೋಗುತ್ತಾರೆ?

ಗೊರಕೆ ಇದೆಯಾ, ಹಗಲೂ ಚಡ್ಡಿ ಒದ್ದೆಯಾಗುತ್ತಾ, ಜಾಸ್ತಿ ಬಾಯಾರಿಕೆಯಾ, ಉರಿ ಇದೆಯಾ ಅಂತೆಲ್ಲ ಕೇಳಿದರು. ಮೂತ್ರ ಪರೀಕ್ಷೆ ಮಾಡಿಸಿದರು. ಸಕ್ಕರೆ ಇಲ್ಲ, ಸೋಂಕಿಲ್ಲ. ಆರು ತಿಂಗಳು ಪೂರ್ತಿ ನಿಂತಿದ್ದು ಮತ್ತೆ ಶುರುವಾದರೆ ಬೇರೆ ಕಾರಣ ಹುಡುಕಬೇಕು, ಇವಳದ್ದು ಮೊದಲಿಂದ ಇರುವುದು ಅಂದರು. ಹತ್ತು ವರ್ಷದ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇರುತ್ತದಂತೆ. ಆಮೇಲೆ ಅವಳ ಕಡೆಗೇ ತಿರುಗಿ, "ನಿನ್ನ ಕ್ಲಾಸಲ್ಲಿ ನಲವತ್ತು ಮಕ್ಕಳಿದ್ದರೆ ಇನ್ನೊಬ್ಬರು ಇದ್ದೇ ಇರ್ತಾರೆ, ಅವರೂ ನಿನ್ನ ಹಾಗೇ ಬಾಯಿ ಬಿಡಲ್ಲ" ಅಂದರು. ಅವಳು ಮೊದಲ ಸಲ ತಲೆ ಎತ್ತಿದಳು. ದಾರಿಯುದ್ದಕ್ಕೂ ಅದು ಯಾರಿರಬಹುದು ಅಂತ ಲೆಕ್ಕ ಹಾಕುತ್ತಿದ್ದಳು.

ಅತ್ತೆಗೆ ಫೋನಲ್ಲಿ ಹೇಳಿದೆ. "ಅಯ್ಯೋ, ಅವನೂ ಏಳನೇ ಕ್ಲಾಸಿನವರೆಗೆ ಹಾಗೇ ಇದ್ದನಲ್ಲೇ" ಅಂದರು, ಹವಾಮಾನ ಹೇಳಿದಷ್ಟು ಸಲೀಸಾಗಿ. ಅವನು ಅಂದರೆ ನನ್ನ ಗಂಡ. ಮದುವೆಯಾಗಿ ಹದಿಮೂರು ವರ್ಷ, ಈ ಮನುಷ್ಯ ಒಂದು ಮಾತು ಹೇಳಿಲ್ಲ. ಇದು ವಂಶದಲ್ಲಿ ಬರುತ್ತದೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 40ರ ಮೇಲೆ. ಅವತ್ತು ರಾತ್ರಿ ಅವರೇ ಹೋಗಿ ಮಗಳ ಪಕ್ಕ ಕೂತು ಹೇಳಿದರು. ಒಳಗಿಂದ ನಗು ಕೇಳಿಸಿತು. ಏನು ಹೇಳಿದಿರಿ ಅಂತ ನಾನು ಕೇಳಲಿಲ್ಲ.

ಎರಡು ರಜಾ ದಿನ ಒಂದು ಅಳತೆ ಲೋಟ ಬಚ್ಚಲಲ್ಲಿಟ್ಟು, ಪ್ರತಿ ಸಲ ಎಷ್ಟಾಯಿತು ಅಂತ ಬರೆದೆವು. ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿದರೆ ಮೂತ್ರಚೀಲ ಸುಮಾರಾಗಿ ಎಷ್ಟು ಮಿಲಿಲೀಟರ್ ಹಿಡಿಯಬೇಕು ಅನ್ನೋದು ಸಿಗುತ್ತದೆ. ಒಂಬತ್ತು ವರ್ಷಕ್ಕೆ 300. ಅವಳದ್ದು 170 ದಾಟಲಿಲ್ಲ. ಆಗ ಗೊತ್ತಾಯಿತು ನೋಡಿ, ಸ್ಕೂಲಲ್ಲಿ ಅವಳು ನೀರೇ ಕುಡಿಯುತ್ತಿರಲಿಲ್ಲ, ಟಾಯ್ಲೆಟ್ಟಿಗೂ ಹೋಗುತ್ತಿರಲಿಲ್ಲ. ಹಗಲಿಡೀ ಒಣಗಿ ಬಂದು ಸಂಜೆ ಗಟಗಟ ಕುಡಿಯುವುದು, ನಾನು ಅದನ್ನೂ ತಡೆಯುವುದು. ಡಾಕ್ಟರು ಎಲ್ಲ ತಿರುಗಿಸಿದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಚೆನ್ನಾಗಿ ಕುಡಿಯಬೇಕು, ಎರಡು ಮೂರು ಗಂಟೆಗೊಮ್ಮೆ ಹೋಗಬೇಕು, ಸಂಜೆ ಮಾತ್ರ ಕಡಿಮೆ. ಕಾಫಿ, ಟೀ, ಕೋಲಾ ಬೇಡ. ಮಲಬದ್ಧತೆಗೆ ಔಷಧಿ. ಬಹುಮಾನ ಕೊಡುವುದಾದರೆ ಅವಳ ಕೈಯಲ್ಲಿರುವ ಕೆಲಸಕ್ಕೆ ಕೊಡಿ, ನಿದ್ದೆಯಲ್ಲಿ ಆಗುವುದಕ್ಕಲ್ಲ ಅಂದರು. ಸೈಕಲ್ ವಿಷಯ ನಾನು ಬಾಯಿ ಬಿಡಲಿಲ್ಲ. ಮಧ್ಯರಾತ್ರಿ ಎಳೆದುಕೊಂಡು ಹೋಗುವುದರಿಂದ ಬೆಡ್‌ಶೀಟ್ ಉಳಿಯಬಹುದು, ಮಗು ಕಲಿಯುವುದು ಏನೂ ಇಲ್ಲವಂತೆ.

ಒಂದು ತಿಂಗಳಲ್ಲಿ ಸ್ವಲ್ಪ ಸುಧಾರಿಸಿತು. ಮುಂದಿನ ಹೆಜ್ಜೆ ಅಲಾರಾಂ. ಚಡ್ಡಿಗೆ ಸಿಕ್ಕಿಸುವ ಒಂದು ಪುಟ್ಟ ಕ್ಲಿಪ್, ಹನಿ ತಾಗಿದ ಕೂಡಲೇ ಭುಜದ ಹತ್ತಿರದ ಡಬ್ಬಿ ಕೂಗುತ್ತದೆ. ಮೊದಲ ರಾತ್ರಿ ಅದು ಕೂಗಿದಾಗ ನಾನು ಎದ್ದೆ, ಗಂಡ ಎದ್ದರು, ತಮ್ಮ ಎದ್ದು ಅತ್ತ. ಮಗಳು ಮಾತ್ರ ಕಲ್ಲಿನ ಹಾಗೆ ಮಲಗಿದ್ದಳು. ಈ ಮಕ್ಕಳನ್ನು ಎಬ್ಬಿಸುವುದು ಎಷ್ಟು ಕಷ್ಟ ಅಂತ ಅವತ್ತು ನಿಜವಾಗಿ ಅರ್ಥವಾಯಿತು. ಸೋಮಾರಿತನ ಅಂದುಕೊಂಡಿದ್ದೆ, ನಾನು!

ನಿಯಮ ಏನೆಂದರೆ, ನಾವು ಅವಳನ್ನು ಪೂರ್ತಿ ಎಚ್ಚರ ಮಾಡಬೇಕು, ಅಲಾರಾಂ ಅವಳೇ ಆಫ್ ಮಾಡಬೇಕು, ಅವಳೇ ನಡೆದು ಹೋಗಬೇಕು. ನಿಜವಾಗಿ ಎದ್ದಿದ್ದಾಳಾ ಅಂತ ನೋಡಲು ಮಲಗುವ ಮುಂಚೆ ಒಂದು ಗುಟ್ಟಿನ ಪದ ಇಟ್ಟುಕೊಳ್ಳುತ್ತಿದ್ದೆವು. ಪದ "ಒಂಟೆ" ಇದ್ದ ರಾತ್ರಿ ಕಣ್ಣು ಬಿಟ್ಟುಕೊಂಡೇ "ಹತ್ತೊಂಬತ್ತು" ಅಂದಿದ್ದಳು. ಮೂರನೇ ವಾರಕ್ಕೆ ಕಲೆ ಊಟದ ತಟ್ಟೆಯಿಂದ ಅಂಗೈ ಅಗಲಕ್ಕೆ ಇಳಿಯಿತು. ಅದನ್ನು ಮೊದಲು ಗಮನಿಸಿದ್ದು ಅವಳೇ.

ಐದನೇ ವಾರ ಒಂದೇ ರಾತ್ರಿ ಎರಡು ಸಲ ಕೂಗಿತು. ಎರಡನೇ ಸಲ ನಾನು ಅವಳ ತೋಳು ಹಿಡಿದು ಜಗ್ಗಿ "ಏಳೇ" ಅಂತ ಕಿರುಚಿದೆ. ಅವಳು ಎದ್ದು, ನನ್ನ ಮುಖ ನೋಡಿ, "ಬೈಬೇಡ, ಒಂಟೆ" ಅಂದಳು. ಅವತ್ತಿನ ಪದ ಬೇರೆ ಇತ್ತು. ಬೆಳಿಗ್ಗೆ ಸಾರಿ ಕೇಳಿದೆ. ನಾಲ್ಕು ದಿನ ರಾತ್ರಿ ಪಾಳಿ ಗಂಡನಿಗೆ ಬಿಟ್ಟೆ. ತಾಳ್ಮೆ ಅನ್ನೋದು ನಿದ್ದೆ ಆದವರ ಹತ್ತಿರ ಮಾತ್ರ ಇರುತ್ತದೆ.

ಕೆಲಸ ಕಡಿಮೆ ಮಾಡಿದ್ದು ಒಂದು ಸಣ್ಣ ಉಪಾಯ. ಹಾಸಿಗೆ ಮೇಲೆ ರಬ್ಬರ್ ಶೀಟ್, ಬೆಡ್‌ಶೀಟ್, ಅದರ ಮೇಲೆ ಮತ್ತೆ ರಬ್ಬರ್ ಶೀಟ್, ಬೆಡ್‌ಶೀಟ್. ಒದ್ದೆಯಾದರೆ ಮೇಲಿನ ಜೋಡಿ ಎಳೆದರೆ ಸಾಕು. ಎಳೆಯುವ ಕೆಲಸ ಅವಳು ನಮ್ಮ ಜೊತೆ ಮಾಡುತ್ತಿದ್ದಳು, ಶಿಕ್ಷೆಗಲ್ಲ, ಇಬ್ಬರು ಸೇರಿದರೆ ಬೇಗ ಆಗುತ್ತೆ ಅಂತ.

ಹನ್ನೊಂದನೇ ವಾರಕ್ಕೆ ಸಾಲಾಗಿ 14 ಒಣ ರಾತ್ರಿ ಆದವು. ಮಧ್ಯೆ ಸ್ಕೂಲ್ ಟೂರ್ ಬಂದಾಗ ಡಾಕ್ಟರು ಡೆಸ್ಮೋಪ್ರೆಸಿನ್ ಮಾತ್ರೆ ಬರೆದಿದ್ದರು. ರಾತ್ರಿ ಹೊತ್ತು ಕಿಡ್ನಿ ಮೂತ್ರ ಮಾಡುವುದನ್ನು ಅದು ಕಡಿಮೆ ಮಾಡುತ್ತದೆ. ಮಾತ್ರೆಗೆ ಒಂದು ಗಂಟೆ ಮುಂಚೆಯಿಂದ, ಮಾತ್ರೆ ತೆಗೆದುಕೊಂಡು ಎಂಟು ಗಂಟೆ ಕಳೆಯುವವರೆಗೆ ನೀರು ಕುಡಿಯುವಂತಿಲ್ಲ, ಇಲ್ಲದಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ ಅಂತ ಎರಡೆರಡು ಸಲ ಹೇಳಿದ್ದರು. ಟೂರ್‌ಗೆ ಮುಂಚೆ ಮನೆಯಲ್ಲಿ ನಾಲ್ಕು ರಾತ್ರಿ ಕೊಟ್ಟು ನೋಡಿಯೇ ಕಳಿಸಿದೆವು.

ಹೋದ ತಿಂಗಳು ಜ್ವರ ಬಂದು ಮೂರು ದಿನ ಮಲಗಿದ್ದಳು. ಒಂದು ರಾತ್ರಿ ಎರಡು ಗಂಟೆಗೆ ನನ್ನ ಮಂಚದ ಪಕ್ಕ ಬಂದು ಭುಜ ಅಲುಗಾಡಿಸಿದಳು. "ಅಮ್ಮ, ಏಳು. ನೀರಲ್ಲ, ಸುಸು." ಒದ್ದೆ ಜೋಡಿ ಎಳೆದು ಬಕೆಟ್ಟಿಗೆ ಹಾಕಿ ಬರುವಷ್ಟರಲ್ಲಿ ಬಟ್ಟೆ ಬದಲಿಸಿ, ಒಣ ಬೆಡ್‌ಶೀಟ್ ಮೇಲೆ ಅಡ್ಡಡ್ಡ ಮಲಗಿ ನಿದ್ದೆ ಹೋಗಿದ್ದಳು.