ಆರ್‌ವಿ ಪ್ರವಾಸದಲ್ಲಿ ರಾತ್ರಿ ಎಲ್ಲಿ ತಂಗಬೇಕು? ಮೊದಲು ಟ್ಯಾಂಕ್ ನೋಡಿ

ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಅಮೆರಿಕಕ್ಕೆ ಬಂದಾಗ ಲಾಸ್ ವೇಗಸ್‌ನಲ್ಲಿ ಆರ್‌ವಿ, ಅಂದರೆ ಮಲಗಲು, ಅಡುಗೆಗೆ, ಸ್ನಾನಕ್ಕೆಲ್ಲ ವ್ಯವಸ್ಥೆ ಇರುವ ಮನೆಗಾಡಿ, ಬಾಡಿಗೆಗೆ ಹಿಡಿದು ಯೂಟಾ, ಅರಿಜೋನಾದ ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಪಾರ್ಕ್‌ಗಳನ್ನೂ ಪೇಜ್ ಊರನ್ನೂ ಸುತ್ತಿ ಬರುವ ಕನ್ನಡ ಕುಟುಂಬಗಳು ಬಹಳ. ಸಾಮಾನ್ಯವಾಗಿ ಮೊದಲು ನೋಡುವ ಜಾಗ ಗೊತ್ತುಮಾಡಿಕೊಂಡು, ಆಮೇಲೆ ಅದರ ಹತ್ತಿರ ಯಾವ ಕ್ಯಾಂಪ್‌ಗ್ರೌಂಡ್ ಖಾಲಿ ಇದೆಯೋ ಅದನ್ನು ಹಿಡಿಯುತ್ತಾರೆ. ಕಾರು-ಹೋಟೆಲ್ ಪ್ರವಾಸಕ್ಕೆ ಇದು ಸರಿ. ಆರ್‌ವಿಯಲ್ಲಿ ನೀರು, ಮೋರಿ, ಕರೆಂಟು ಮೂರನ್ನೂ ಗಾಡಿಯೇ ಹೊತ್ತು ತಿರುಗುತ್ತದೆ. ಆ ಮೂರರಲ್ಲಿ ಯಾವುದು ಮೊದಲು ಕೈಕೊಡುತ್ತದೆ ಎಂಬ ಲೆಕ್ಕವೇ ನಿಮ್ಮ ರಾತ್ರಿಗಳನ್ನು ತೀರ್ಮಾನಿಸಬೇಕು.

ನಮ್ಮ ಮನೆಗಳ ಲೆಕ್ಕ ಬೇರೆ. ಬಾಡಿಗೆಗೆ ಸಿಗುವ 25ರಿಂದ 30 ಅಡಿಯ ಕ್ಲಾಸ್ ಸಿ (ಡ್ರೈವರ್ ತಲೆ ಮೇಲೂ ಹಾಸಿಗೆ ಇರುವ ಬಗೆ) ಗಾಡಿಯಲ್ಲಿ ಹೆಚ್ಚುಕಡಿಮೆ 40 ಗ್ಯಾಲನ್, ಅಂದರೆ 150 ಲೀಟರ್ ಒಳ್ಳೆ ನೀರು ಹಿಡಿಯುತ್ತದೆ. ಸ್ನಾನದ ಮತ್ತು ಸಿಂಕಿನ ನೀರು ಸೇರುವ ಗ್ರೇ ಟ್ಯಾಂಕ್, ಕಕ್ಕಸಿನ ಬ್ಲ್ಯಾಕ್ ಟ್ಯಾಂಕ್ ಎರಡೂ 30 ಗ್ಯಾಲನ್ ಆಸುಪಾಸು. ಐದು ಜನ ತಲಾ ಮೂರು ನಿಮಿಷ ಷವರ್ ಹಾಕಿಕೊಂಡರೆ, ನಿಮಿಷಕ್ಕೆ 2 ಗ್ಯಾಲನ್‌ನಂತೆ ಅಲ್ಲಿಗೇ 30 ಗ್ಯಾಲನ್ ಆಯಿತು. ಅದರ ಮೇಲೆ ಅನ್ನದ ಪಾತ್ರೆ, ಸಾರಿನ ಪಾತ್ರೆ, ಒಗ್ಗರಣೆ ಸೌಟು, ಐದು ತಟ್ಟೆ. ಗ್ರೇ ಟ್ಯಾಂಕ್ ಒಂದೇ ದಿನಕ್ಕೆ ತುಂಬುತ್ತದೆ, ತುಂಬಿದ ನೀರು ಷವರ್‌ನ ತಳದಿಂದ ಮೇಲೆ ಉಕ್ಕುತ್ತದೆ. ಕಕ್ಕಸಿಗೂ ನಾವು ಚೊಂಬು ಬಳಸುವವರು. ಒಂದು ಸಲಕ್ಕೆ ಫ್ಲಷ್‌ಗೆ ಅರ್ಧ, ತೊಳೆಯಲು ಕಾಲು ಗ್ಯಾಲನ್ ಎಂದುಕೊಂಡರೂ ಐದು ಜನಕ್ಕೆ ದಿನಕ್ಕೆ 15ರಿಂದ 20 ಗ್ಯಾಲನ್. ಒಂದೂವರೆ ದಿನಕ್ಕೆ ಬ್ಲ್ಯಾಕ್ ಟ್ಯಾಂಕೂ ಭರ್ತಿ. ಇಬ್ಬರೇ ಹೋಗುವವರು ಹುಕ್‌ಅಪ್ (ನಿಂತ ಜಾಗದಲ್ಲೇ ಕರೆಂಟು, ನೀರು, ಮೋರಿಯ ಜೋಡಣೆ) ಇಲ್ಲದೆ ನಾಲ್ಕೈದು ದಿನ ಕಳೆಯುತ್ತಾರೆ ಎಂದು ಓದಿದ್ದನ್ನು ನಂಬಿ ಐದು ಜನರ ಯೋಜನೆ ಹಾಕಬೇಡಿ.

ಹಾಗಾಗಿ ಒಂದು ಸರಳ ನಿಯಮ: ಹುಕ್‌ಅಪ್ ಇಲ್ಲದ ರಾತ್ರಿ ಒಂದು ಕಳೆದರೆ, ಮರುದಿನದ ರಾತ್ರಿ ಫುಲ್ ಹುಕ್‌ಅಪ್ ಇರುವ ಜಾಗದಲ್ಲಿ ಇರಲಿ. ಅದು ಆಗದಿದ್ದರೆ ದಾರಿಯಲ್ಲಿ ಕೊಳೆ ಟ್ಯಾಂಕ್‌ಗಳನ್ನು ಖಾಲಿ ಮಾಡುವ ಡಂಪ್ ಸ್ಟೇಷನ್ ಒಂದನ್ನು ಮೊದಲೇ ಗುರುತು ಹಾಕಿಕೊಂಡಿರಿ. ಲವ್ಸ್, ಪೈಲಟ್ ಫ್ಲೈಯಿಂಗ್ ಜೆ ಮುಂತಾದ ಟ್ರಕ್ ಸ್ಟಾಪ್‌ಗಳಲ್ಲಿ ಕೆಲವಕ್ಕೆ ಈ ಸೌಕರ್ಯ ಉಂಟು, ದುಡ್ಡು ಕೊಡಬೇಕು, ಎಲ್ಲ ಕಡೆಯೂ ಇರುವುದಿಲ್ಲ. ಫುಲ್ ಹುಕ್‌ಅಪ್ ಎಂದರೆ ನಿಮ್ಮ ಜಾಗದಲ್ಲೇ ಕರೆಂಟು, ನೀರು, ಮೋರಿ ಮೂರೂ. ಜಾಹೀರಾತಿನಲ್ಲಿ ಬರೀ ‘ಹುಕ್‌ಅಪ್’ ಎಂದಿದ್ದರೆ ಮೋರಿ ಇಲ್ಲದಿರಬಹುದು, ಕೇಳಿ ತಿಳಿದುಕೊಳ್ಳಿ.

ಮೋರಿ ಪೈಪು ಸಿಕ್ಕಿತೆಂದು ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ಇಡೀ ದಿನ ತೆರೆದಿಡುವ ತಪ್ಪು ಬಹಳ ಜನ ಮಾಡುತ್ತಾರೆ. ನೀರೆಲ್ಲ ಹರಿದುಹೋಗಿ ಗಟ್ಟಿ ವಸ್ತು ತಳದಲ್ಲೇ ಗುಡ್ಡೆಯಾಗಿ ಒಣಗುತ್ತದೆ, ಆಮೇಲೆ ಏನು ಸುರಿದರೂ ಕದಲುವುದಿಲ್ಲ. ಮುಚ್ಚಿಟ್ಟು, ಮುಕ್ಕಾಲು ಭಾಗ ತುಂಬಿದ ಮೇಲೆ ಒಮ್ಮೆಗೇ ಬಿಡಿ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಗ್ರೇ ಟ್ಯಾಂಕಿನ ಸೋಪಿನ ನೀರು ಹಿಂದಿನಿಂದ ಬಂದು ಕೊಳವೆಯನ್ನು ತೊಳೆಯುತ್ತದೆ. ಗೋಡೆಯ ಮೇಲಿನ ಸೂಚಕ ದೀಪಗಳನ್ನು ಪೂರ್ತಿ ನಂಬಬೇಡಿ. ಒಳಗೆ ಕಾಗದ ಅಂಟಿಕೊಂಡರೆ ಖಾಲಿ ಟ್ಯಾಂಕನ್ನೂ ತುಂಬಿದೆ ಎಂದೇ ತೋರಿಸುತ್ತವೆ.

ಈಗ ಮೊದಲು ಹೇಳಿದ ಸುತ್ತಾಟಕ್ಕೇ ಇದನ್ನು ಹೊಂದಿಸೋಣ. ಝಯಾನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟು ಇರುವ ಜಾಗಗಳು ಸಿಗುತ್ತವೆ. ಜಾಗದಲ್ಲೇ ನೀರು, ಮೋರಿ ಇಲ್ಲ, ಆದರೆ ಒಳಗೇ ಡಂಪ್ ಸ್ಟೇಷನ್ ಇದೆ. ಅಲ್ಲಿ ಜನರೇಟರ್ ಹಾಕುವಂತಿಲ್ಲ, ಆದ್ದರಿಂದ ಕರೆಂಟು ಇಲ್ಲದ ಜಾಗ ಸಿಕ್ಕಿದರೆ ಜುಲೈ ತಿಂಗಳಲ್ಲಿ ಎಸಿ ಇಲ್ಲದೆ ಮಲಗಬೇಕು. ಬ್ರೈಸ್ ಕ್ಯಾನ್ಯನ್‌ನ ಒಳಗಿನ ನಾರ್ತ್, ಸನ್‌ಸೆಟ್ ಎರಡು ಕ್ಯಾಂಪ್‌ಗ್ರೌಂಡ್‌ಗಳಲ್ಲೂ ಹುಕ್‌ಅಪ್ ಇಲ್ಲ, ಪಾರ್ಕಿನ ಬಾಗಿಲ ಹೊರಗಿರುವ ಖಾಸಗಿ ಆರ್‌ವಿ ಪಾರ್ಕ್‌ನಲ್ಲಿ ಉಂಟು. ಪೇಜ್ ಊರಿನ ಬಳಿ ಲೇಕ್ ಪೊವೆಲ್ ದಂಡೆಯ ವಾಹ್‌ವೀಪ್‌ನಲ್ಲಿ ಫುಲ್ ಹುಕ್‌ಅಪ್ ಜಾಗಗಳಿವೆ. ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್‌ನಲ್ಲಿ ಎರಡು ಆಯ್ಕೆ: ಹುಕ್‌ಅಪ್ ಇಲ್ಲದ, ಗಾಡಿಯ ಉದ್ದ 30 ಅಡಿ ಮೀರಬಾರದ ಮ್ಯಾದರ್, ಮತ್ತು ಪಕ್ಕದಲ್ಲೇ ಫುಲ್ ಹುಕ್‌ಅಪ್ ಇರುವ ಟ್ರೈಲರ್ ವಿಲೇಜ್. ಬ್ರೈಸ್‌ನಲ್ಲಿ ಒಂದು ರಾತ್ರಿ ಹುಕ್‌ಅಪ್ ಇಲ್ಲದೆ ಮರಗಳ ನಡುವೆ ಇದ್ದು, ಮರುದಿನ ಪೇಜ್‌ನಲ್ಲಿ ಎಲ್ಲ ಖಾಲಿ ಮಾಡಿ ತುಂಬಿಸಿಕೊಂಡು, ಆಮೇಲೆ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗುವ ಕ್ರಮ ಚೆನ್ನಾಗಿ ಕೂಡಿಬರುತ್ತದೆ. ಸೌತ್ ರಿಮ್‌ಗೆ ಹೋಗುವ ಮುಂಚೆ ಒಳ್ಳೆ ನೀರಿನ ಟ್ಯಾಂಕ್ ತುಂಬಿರಲೇಬೇಕು. ಅಲ್ಲಿಗೆ ನೀರು ಕಣಿವೆಯೊಳಗಿನ ಹಳೆಯ ಪೈಪ್‌ಲೈನಿನಿಂದ ಬರುತ್ತದೆ, ಅದು ಆಗಾಗ ಒಡೆಯುತ್ತದೆ. 2024ರ ಆಗಸ್ಟ್ ಕೊನೆಯಲ್ಲಿ ಒಡೆದಾಗ ವಸತಿಗೃಹಗಳನ್ನೇ ಕೆಲವು ದಿನ ಮುಚ್ಚಬೇಕಾಯಿತು.

ಝಯಾನ್‌ನಿಂದ ಬ್ರೈಸ್‌ಗೆ ಮ್ಯಾಪ್ ತೋರಿಸುವ ಹತ್ತಿರದ ದಾರಿ ಝಯಾನ್–ಮೌಂಟ್ ಕಾರ್ಮೆಲ್ ಸುರಂಗದಲ್ಲಿ ಹೋಗುತ್ತದೆ. 11 ಅಡಿ 4 ಇಂಚು ಎತ್ತರ ಅಥವಾ 7 ಅಡಿ 10 ಇಂಚು ಅಗಲ ಮೀರಿದ ಗಾಡಿ ಅಲ್ಲಿ ದೊಡ್ಡ ವಾಹನದ ಲೆಕ್ಕಕ್ಕೆ ಬರುತ್ತದೆ, ಕ್ಲಾಸ್ ಸಿ ಗಾಡಿಗಳು ಸಾಮಾನ್ಯವಾಗಿ ಮೀರಿಯೇ ಇರುತ್ತವೆ. ಹಿಂದೆಲ್ಲ ಶುಲ್ಕ ಕಟ್ಟಿದರೆ, ಎದುರು ಬರುವವರನ್ನು ತಡೆದು ಅಂಥ ಗಾಡಿಗೆ ದಾರಿ ಬಿಡುತ್ತಿದ್ದರು. 2026ರ ಜೂನ್‌ನಿಂದ ದೊಡ್ಡ ವಾಹನಗಳಿಗೆ ಆ ದಾರಿ ಇಲ್ಲವೆಂದು ಪಾರ್ಕ್ ಸೇವೆ ಪ್ರಕಟಿಸಿದೆ. ಹರಿಕೇನ್ ಊರಿಗೆ ವಾಪಸು ಬಂದು ಕನಾಬ್ ಊರಿನ ಮೂಲಕ ಸುತ್ತಿಕೊಂಡು ಹೋಗಬೇಕು. ಅರ್ಧ ದಿನ ಅಲ್ಲೇ ಹೋಗುವುದರಿಂದ ಕನಾಬ್‌ನಲ್ಲಿ ಒಂದು ರಾತ್ರಿ ಇಟ್ಟುಕೊಳ್ಳುವುದು ಜಾಣತನ.

ಜಾಗ ಕಾಯ್ದಿರಿಸುವಾಗ ಬಹಳಷ್ಟು ಜನ ದರ ಮತ್ತು ಫೋಟೋ ನೋಡಿ ಮುಗಿಸುತ್ತಾರೆ. ಸರ್ಕಾರಿ ಕ್ಯಾಂಪ್‌ಗ್ರೌಂಡ್‌ಗಳ ರೆಕ್ರಿಯೇಷನ್ ಡಾಟ್ ಗವ್‌ನಲ್ಲಿ ಪ್ರತಿ ಜಾಗದ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ವಾಹನದ ಗರಿಷ್ಠ ಉದ್ದ, ಹಿಮ್ಮುಖವಾಗಿ ಹಾಕಬೇಕೋ ನೇರ ನುಗ್ಗಿ ಆ ಕಡೆಯಿಂದ ಹೊರಡಬಹುದೋ, ನೆಲದ ಇಳಿಜಾರು ಎಷ್ಟು, ನೆರಳಿದೆಯೋ ಎಲ್ಲ ಬರೆದಿರುತ್ತದೆ. ಉದ್ದ ಎಂದರೆ ಮುಂದಿನ ಬಂಪರಿನಿಂದ ಹಿಂದೆ ಕಟ್ಟಿದ ಸೈಕಲ್ ಸ್ಟ್ಯಾಂಡ್‌ವರೆಗೆ. 30 ಅಡಿ ಗಾಡಿಗೆ 30 ಅಡಿ ಜಾಗ ಹಿಡಿದರೆ ಮೂತಿ ರಸ್ತೆಯಲ್ಲಿ ನಿಲ್ಲುತ್ತದೆ, 35 ಅಡಿ ನೋಡಿ. ದೊಡ್ಡ ಗಾಡಿ ಮೊದಲ ಸಲ ಓಡಿಸುವವರು ದುಡ್ಡು ಸ್ವಲ್ಪ ಜಾಸ್ತಿಯಾದರೂ ನೇರ ನುಗ್ಗುವ ಪುಲ್-ಥ್ರೂ ಜಾಗವನ್ನೇ ತಗೊಳ್ಳಿ.

ಇಳಿಜಾರಿಗೆ ಇಷ್ಟು ಗಮನ ಕೊಡಲು ಫ್ರಿಜ್ ಕಾರಣ. ಗ್ಯಾಸ್‌ನಲ್ಲೂ ಓಡುವ ಹಳೆ ಮಾದರಿಯ ಫ್ರಿಜ್‌ನಲ್ಲಿ ಅಮೋನಿಯಾ ದ್ರಾವಣ ತನ್ನ ತೂಕದಿಂದಲೇ ಇಳಿದು ಹರಿಯಬೇಕು. ಗಾಡಿ ಪಕ್ಕಕ್ಕೆ ಸುಮಾರು 3 ಡಿಗ್ರಿ, ಉದ್ದಕ್ಕೆ 6 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಅದು ಅಲ್ಲಲ್ಲೇ ನಿಂತು ತಂಪು ಕಡಿಮೆಯಾಗುತ್ತದೆ, ತುಂಬ ಹೊತ್ತು ಹಾಗೇ ಓಡಿದರೆ ಫ್ರಿಜ್ಜೇ ಕೆಡುತ್ತದೆ. ಬೆಳಗ್ಗೆ ದೋಸೆ ಹಿಟ್ಟು ಉಕ್ಕಿ ಹುಳಿಯಾಗಿದ್ದರೆ ಮೊದಲು ಗಾಡಿಯ ವಾಲಿಕೆ ನೋಡಿ. ಚಕ್ರದ ಕೆಳಗಿಡುವ ಪ್ಲಾಸ್ಟಿಕ್ ಬ್ಲಾಕ್‌ಗಳು ಒಂದು ಜೊತೆ ಇದ್ದರೆ ಸಾಕು. ಹೊಸ ಗಾಡಿಗಳ 12 ವೋಲ್ಟ್ ಕಂಪ್ರೆಸರ್ ಫ್ರಿಜ್‌ಗೆ ವಾಲಿಕೆಯ ಚಿಂತೆ ಇಲ್ಲ, ಬದಲಿಗೆ ಅದು ಬ್ಯಾಟರಿ ತಿನ್ನುತ್ತದೆ.

ಬ್ಯಾಟರಿ ವಿಷಯ ಚಳಿಯ ರಾತ್ರಿಗಳಲ್ಲಿ ಮುಖ್ಯ. ಹೀಟರ್ ಉರಿಯುವುದು ಗ್ಯಾಸ್‌ನಲ್ಲಾದರೂ ಅದರ ಫ್ಯಾನ್ ತಿರುಗುವುದು ಬ್ಯಾಟರಿಯಲ್ಲಿ, ಗಂಟೆಗೆ 7–8 ಆಂಪ್-ಅವರ್. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 35–40 ಆಂಪ್-ಅವರ್. 100 ಆಂಪ್-ಅವರ್‌ನ ಸಾಧಾರಣ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಅಂದರೆ ದೀಪ, ಪಂಪ್ ಸೇರಿ ಬೆಳಗಿನ ಜಾವಕ್ಕೆ ಅದು ಸೋತಿರುತ್ತದೆ. ಬ್ರೈಸ್ ಕ್ಯಾನ್ಯನ್ 8,000 ಅಡಿ, ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್ 7,000 ಅಡಿ ಎತ್ತರದಲ್ಲಿವೆ. ಪ್ರತಿ ಸಾವಿರ ಅಡಿಗೆ ಸುಮಾರು 3.5 ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ ಎಂದು ಲೆಕ್ಕ ಹಾಕಿ. ವೇಗಸ್‌ನಲ್ಲಿ ಬೆವರು ಸುರಿಯುತ್ತಿರುವ ಮೇ ತಿಂಗಳಲ್ಲೇ ಬ್ರೈಸ್‌ನ ರಾತ್ರಿ ನೀರು ಹೆಪ್ಪುಗಟ್ಟಬಹುದು. ಅಂಥ ರಾತ್ರಿ ನೀರಿನ ಮೆದುಗೊಳವೆ ಕಳಚಿ ಖಾಲಿ ಮಾಡಿಟ್ಟು ಟ್ಯಾಂಕಿನ ನೀರನ್ನೇ ಬಳಸಿ.

ಅಪ್ಪ ಅಥವಾ ಅಮ್ಮನಿಗೆ ನಿದ್ರೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸೀಪ್ಯಾಪ್ ಯಂತ್ರ ಇದ್ದರೆ ಅವರು ಇರುವ ಎಲ್ಲ ರಾತ್ರಿಗೂ ಕರೆಂಟು ಇರುವ ಜಾಗವನ್ನೇ ಹಿಡಿಯಿರಿ. ಜನರೇಟರ್ ಇದೆಯಲ್ಲ ಎನ್ನಬೇಡಿ, ಪಾರ್ಕ್‌ಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಅದನ್ನು ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ಡ್ರೈವರ್ ತಲೆ ಮೇಲಿನ ಅಟ್ಟದ ಹಾಸಿಗೆ ಹಿರಿಯರಿಗೆ ಬೇಡವೇ ಬೇಡ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರಿಗೆ 8,000 ಅಡಿಯಲ್ಲಿ ರಾತ್ರಿ ಕಳೆಯುವ ಬಗ್ಗೆ ಡಾಕ್ಟರನ್ನು ಕೇಳಿಕೊಂಡೇ ಬ್ರೈಸ್ ಕಾಯ್ದಿರಿಸಿ. ಹಗಲು ನೋಡಿಕೊಂಡು ಕನಾಬ್‌ಗೆ ಇಳಿದು ಮಲಗಿದರೂ ಆಯಿತು, ಅದು ಸುಮಾರು 5,000 ಅಡಿ.

ಕ್ಯಾಂಪ್‌ಗ್ರೌಂಡ್ ಜಾಗದ ಕರೆಂಟು ಕಂಬದಲ್ಲಿ 30 ಆಂಪ್, 50 ಆಂಪ್ ಎಂದು ಎರಡು ಬಗೆಯ ಸಾಕೆಟ್. ಬಾಡಿಗೆ ಗಾಡಿಗಳು ಹೆಚ್ಚಾಗಿ 30 ಆಂಪ್‌ನವು. 120 ವೋಲ್ಟ್‌ಗೆ ಒಟ್ಟು 3,600 ವಾಟ್. ಎಸಿಗೆ 13–15 ಆಂಪ್, ಮೈಕ್ರೋವೇವ್‌ಗೆ 12–13, ಇನ್‌ಸ್ಟಂಟ್ ಪಾಟ್‌ಗೆ 8–9. ಎಸಿ ಹಾಕಿ ಅನ್ನಕ್ಕಿಟ್ಟು ಕಾಫಿಗೆ ಹಾಲನ್ನು ಮೈಕ್ರೋವೇವ್‌ನಲ್ಲಿಟ್ಟರೆ ಬ್ರೇಕರ್ ಬೀಳುತ್ತದೆ. ಅಡುಗೆ ಗ್ಯಾಸ್ ಒಲೆ ಮೇಲೆ ಆಗಲಿ. ಕಂಬದ ಬ್ರೇಕರ್ ಆಫ್ ಮಾಡಿಯೇ ಪ್ಲಗ್ ಹಾಕಿ, ಕಪ್ಪಗೆ ಸುಟ್ಟ ಗುರುತಿರುವ ಸಾಕೆಟ್ ಕಂಡರೆ ಬೇರೆ ಜಾಗ ಕೇಳಿ. ಒತ್ತಡವನ್ನು 40–50 ಪಿಎಸ್‌ಐಗೆ ಇಳಿಸುವ ರೆಗ್ಯುಲೇಟರ್ ಹಾಕದೆ ನೀರಿನ ನಲ್ಲಿಗೆ ಗಾಡಿಯ ಮೆದುಗೊಳವೆ ಸೇರಿಸಬೇಡಿ. ಕೆಲವು ಪಾರ್ಕ್‌ಗಳ ಒತ್ತಡ ಅದರ ಎರಡರಷ್ಟಿರುತ್ತದೆ, ಗಾಡಿಯ ಒಳಗಿನ ಪ್ಲಾಸ್ಟಿಕ್ ಜೋಡಣೆಗಳು ಬಿಟ್ಟುಕೊಳ್ಳುತ್ತವೆ.

ಪುಕ್ಕಟೆ ಜಾಗಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ವಾಲ್‌ಮಾರ್ಟ್ ಪಾರ್ಕಿಂಗ್‌ನಲ್ಲಿ ಮಲಗಬಹುದೋ ಇಲ್ಲವೋ ಎಂಬುದು ಆಯಾ ಅಂಗಡಿಯ ಮ್ಯಾನೇಜರ್ ಮತ್ತು ಆ ಊರಿನ ಕಾನೂನಿಗೆ ಬಿಟ್ಟದ್ದು, ಹೋಗುವ ಮುಂಚೆ ಆ ಅಂಗಡಿಗೇ ಫೋನ್ ಮಾಡಿ. ಒಂದೇ ರಾತ್ರಿ, ಕುರ್ಚಿ ಹಾಕುವಂತಿಲ್ಲ, ಹೊರಗೆ ಒಲೆ ಹಚ್ಚುವಂತಿಲ್ಲ. ಕ್ಯಾಲಿಫೋರ್ನಿಯಾದ ರಸ್ತೆ ಬದಿ ರೆಸ್ಟ್ ಏರಿಯಾದಲ್ಲಿ 24 ಗಂಟೆಗೆ 8 ಗಂಟೆ ನಿಲ್ಲಬಹುದು, ಬೇರೆ ರಾಜ್ಯಗಳ ನಿಯಮ ಬೇರೆ. ಫೆಡರಲ್ ಭೂಮಿ ನೋಡಿಕೊಳ್ಳುವ ಬಿಎಲ್‌ಎಮ್ ಜಾಗಗಳಲ್ಲಿ ಸಾಮಾನ್ಯವಾಗಿ 28 ದಿನದಲ್ಲಿ 14 ದಿನ ಪುಕ್ಕಟೆ ಇರಬಹುದು, ನೀರೂ ಇಲ್ಲ ಮೋರಿಯೂ ಇಲ್ಲ. ಅಲ್ಲಿಗೆ ಹೋಗುವ ದಾರಿ ಮಣ್ಣಿನದಾಗಿದ್ದರೆ ನಿಮ್ಮ ಬಾಡಿಗೆ ಕರಾರು ಓದಿ, ಮಣ್ಣು ರಸ್ತೆ ಇಳಿದರೆ ವಿಮೆ ರದ್ದು ಎಂದು ಹಲವು ಕರಾರುಗಳಲ್ಲಿದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಯೂಟಾ, ಅರಿಜೋನಾದಲ್ಲಿ ಒಣ ಹಳ್ಳದ ಪಾತ್ರದಲ್ಲಿ, ಅದು ಎಷ್ಟೇ ಸಮತಟ್ಟಾಗಿ ಚೆಂದ ಕಂಡರೂ, ನಿಲ್ಲಿಸಬೇಡಿ. ಮೈಲಿಗಟ್ಟಲೆ ಆಚೆ ಬಿದ್ದ ಮಳೆ ನಿಮ್ಮ ತಲೆ ಮೇಲೆ ನಕ್ಷತ್ರ ಕಾಣುತ್ತಿರುವಾಗಲೇ ಪ್ರವಾಹವಾಗಿ ಬರುತ್ತದೆ.

ಖಾಸಗಿ ಪಾರ್ಕ್ ಹಿಡಿಯುವ ಮುಂಚೆ ಮ್ಯಾಪಿನಲ್ಲಿ ಉಪಗ್ರಹ ಚಿತ್ರ ಹಾಕಿ ರೈಲು ಹಳಿ ಹುಡುಕಿ. ಹಳಿ ಇದ್ದರೆ, ರಸ್ತೆ ದಾಟುವ ಕ್ರಾಸಿಂಗ್ ಎಷ್ಟು ಹತ್ತಿರ ಎಂದೂ ನೋಡಿ. ನಿಶ್ಶಬ್ದ ವಲಯ ಎಂದು ಘೋಷಿಸದ ಕಡೆ ಪ್ರತಿ ಕ್ರಾಸಿಂಗ್‌ಗೂ ರೈಲು 15ರಿಂದ 20 ಸೆಕೆಂಡ್ ಮೊದಲಿನಿಂದ ಹಾರ್ನ್ ಹಾಕಲೇಬೇಕು, ಗೂಡ್ಸ್ ಗಾಡಿಗಳು ರಾತ್ರಿಯಿಡೀ ಓಡುತ್ತವೆ. ಆರ್‌ವಿಯ ತೆಳು ಗೋಡೆ ಆ ಸದ್ದನ್ನು ಸ್ವಲ್ಪವೂ ತಡೆಯುವುದಿಲ್ಲ.

ದಿನಕ್ಕೆ 250 ಮೈಲಿಗಿಂತ ಹೆಚ್ಚು ಹಾಕಿಕೊಳ್ಳದೆ, ಮಧ್ಯಾಹ್ನ 3–4 ಗಂಟೆಗೆ ತಲುಪುವಂತೆ ನೋಡಿಕೊಳ್ಳಿ. ಕತ್ತಲಲ್ಲಿ ಹಿಂದಕ್ಕೆ ಹಾಕುವಾಗ ಮರದ ಕೊಂಬೆಗೆ ಎಸಿ ಡಬ್ಬ, ಕರೆಂಟು ಕಂಬಕ್ಕೆ ಪಕ್ಕೆ ತಾಗುವುದು ಸಾಮಾನ್ಯ. ಒಬ್ಬರು ಇಳಿದು ಡ್ರೈವರ್ ಕನ್ನಡಿಯಲ್ಲಿ ಕಾಣುವಂತೆ ಹಿಂದೆ ನಿಲ್ಲಬೇಕು, ಅವರು ಕನ್ನಡಿಯಿಂದ ಮರೆಯಾದ ಕ್ಷಣ ಬ್ರೇಕ್ ಒತ್ತಬೇಕು. ತಡವಾಗುವುದು ಖಚಿತ ಎನಿಸಿದರೆ ಕಚೇರಿ ಮುಚ್ಚುವ ಮೊದಲೇ ಫೋನ್ ಮಾಡಿ ಹೇಳಿ. ಖಾಸಗಿ ಪಾರ್ಕ್‌ಗಳಲ್ಲಿ ಸಾಮಾನ್ಯವಾಗಿ ಬಾಗಿಲ ಬಳಿಯ ಬೋರ್ಡಿಗೆ ನಿಮ್ಮ ಹೆಸರಿನ ಲಕೋಟೆ ಸಿಕ್ಕಿಸಿ, ಒಳಗೆ ಜಾಗದ ನಂಬರು, ದಾರಿಯ ನಕ್ಷೆ, ಸ್ನಾನದ ಮನೆಯ ಬೀಗದ ಕೋಡ್ ಇಟ್ಟಿರುತ್ತಾರೆ.