ದುಬೈಗೆ ಹೊರಟ ಮ್ಯಾನೇಜರಿಗೆ ಹಿಟ್ಟು ಕಡೆಯಲು ಬರಬೇಕು

ಮಣಿಪಾಲದಲ್ಲೋ ಮಂಗಳೂರಿನಲ್ಲೋ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ದುಬೈಯ ಉಡುಪಿ ಹೋಟೆಲಿಗೆ ಬರುವವರಿಗೆ ಬಿಲ್ಲಿಂಗ್, ಸ್ಟಾಕ್, ಡ್ಯೂಟಿ ಚಾರ್ಟ್ ಎಲ್ಲ ಬೇಗ ಕೈಗೆ ಹತ್ತುತ್ತದೆ. ಹತ್ತದೆ ಉಳಿಯುವುದು ಇಡ್ಲಿ-ದೋಸೆಯ ಹಿಟ್ಟು. ಹೊರಡುವ ಮೊದಲು ಊರಿನ ಯಾವುದಾದರೂ ಹೋಟೆಲಿನಲ್ಲಿ ಒಂದು ತಿಂಗಳು ಗ್ರೈಂಡರ್ ಹತ್ತಿರ ನಿಂತು ಬನ್ನಿ. 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ತೆರೆದ ಕಡಂದಲೆ ಕೃಷ್ಣ ರಾಯರೂ ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು.

ಇಲ್ಲಿ ದುಬೈಯಲ್ಲಿ ಬೇಸಗೆ ಬಂತೆಂದರೆ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರುವುದು. ತಾರಸಿಯ ಟ್ಯಾಂಕ್ ಅಷ್ಟು ಕಾದಿರುತ್ತದೆ. ಊರಿನ ಬಾವಿನೀರಿನ ಅಂದಾಜಿನಲ್ಲಿ ಉದ್ದು ನೆನೆಹಾಕಿದರೆ ಕಡೆಯುವ ಮೊದಲೇ ಹುಳಿ ವಾಸನೆ ಹೊಡೆಯುತ್ತದೆ. ಆದ್ದರಿಂದ ತಣ್ಣಗಿನ ನೀರಲ್ಲಿ ನೆನೆಹಾಕಿ ಫ್ರಿಜ್‌ನಲ್ಲೇ ಇಡಬೇಕು. ನಾಲ್ಕು ಗಂಟೆ ಸಾಕು. ಕಡೆಯುವಾಗ ಐಸ್ ನೀರನ್ನು ಒಮ್ಮೆಲೇ ಸುರಿಯದೆ ಕೈಯಿಂದ ಚಿಮುಕಿಸುತ್ತಾ ಹೋಗಬೇಕು. ಅರ್ಧ ಗಂಟೆಯ ಹೊತ್ತಿಗೆ ಉದ್ದು ಬೆಣ್ಣೆಯ ಹಾಗೆ ಉಬ್ಬುತ್ತದೆ. ಒಂದು ಚಿಟಿಕೆ ನೀರಿಗೆ ಹಾಕಿ ನೋಡಿ. ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಕಡೆಯಬೇಕು. ಪಾತ್ರೆಗೆ ಬೆರಳಿಟ್ಟಾಗ ಬೆಚ್ಚಗಾದರೆ ಕಲ್ಲು ಕಾದಿದೆ ಎಂದೇ ಅರ್ಥ. ಆ ಹಿಟ್ಟಿನ ಇಡ್ಲಿ ಗಟ್ಟಿಯಾಗುತ್ತದೆ.

ಇಡ್ಲಿಗೆ ಒಂದು ಪಾಲು ಉದ್ದಿಗೆ ಎರಡು ಪಾಲು ಅಕ್ಕಿ ರವೆ, ದೋಸೆಗೆ ಮೂರರಿಂದ ನಾಲ್ಕು ಪಾಲು ಅಕ್ಕಿ, ಜತೆಗೆ ಒಂದಿಷ್ಟು ಮೆಂತೆ. ಹಿಟ್ಟು ಉಬ್ಬುವುದರಿಂದ ಪಾತ್ರೆ ಅರ್ಧದಷ್ಟೇ ತುಂಬಿಸಿ. 28-30 ಡಿಗ್ರಿಯಲ್ಲಿ ಎಂಟು-ಹತ್ತು ಗಂಟೆಯಲ್ಲಿ ಹಿಟ್ಟು ಬರುತ್ತದೆ, ಅಂದರೆ ಹದವಾಗಿ ಹುಳಿಯಾಗಿ ಉಬ್ಬುತ್ತದೆ. ಬಂದ ಕೂಡಲೇ 5 ಡಿಗ್ರಿಯ ಫ್ರಿಜ್‌ಗೆ. ದುಬೈ ನಗರಪಾಲಿಕೆಯ ಕಡ್ಡಾಯ ಆಹಾರ ಸುರಕ್ಷತಾ ತರಬೇತಿ ಈ 5 ಡಿಗ್ರಿ ಹೇಳಿಕೊಡುತ್ತದೆ, ಸರಿ. ಹಿಟ್ಟು ಬಂದಿದೆಯೋ ಇಲ್ಲವೋ ಎಂದು ನೋಡಲು ಕಣ್ಣು, ಮೂಗೇ ಬೇಕು ಮಾರಾಯ್ರೆ.

ದೋಸೆ ಬಿಳಿಚಿಕೊಂಡಿದೆ ಎಂದು ಗಿರಾಕಿ ದೂರಿದಾಗ ಕೆಲಸ ಗೊತ್ತಿಲ್ಲದವರು ಕಾವಲಿಯ ಮುಂದಿದ್ದವರನ್ನೇ ಬೈಯುತ್ತಾರೆ. ಗೊತ್ತಿದ್ದವರು ಮೊದಲು ಕಾವಲಿಗೆ ನೀರು ಚಿಮುಕಿಸಿ ನೋಡುತ್ತಾರೆ. ಚುರ್ ಎಂದು ಆರಿದರೆ ಬಿಸಿ ಹದ. ಹನಿ ಗುಂಡಾಗಿ ಓಡಾಡಿದರೆ ಅತಿ ಬಿಸಿ, ಅಲ್ಲಿ ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಳ್ಳುತ್ತದೆ. ಕಾವಲಿ ಸರಿಯಿದ್ದರೆ ತಪ್ಪು ಹಿಂದಿನ ರಾತ್ರಿಯದು: ಹೆಚ್ಚು ಹುಳಿ ಬಂದ ಹಿಟ್ಟು ಕೆಂಪಗಾಗುವುದಿಲ್ಲ. ಆಗ ಕೇಳಬೇಕಾದ್ದು, “ಭಟ್ರೇ, ನಿನ್ನೆ ಹಿಟ್ಟು ಫ್ರಿಜ್‌ಗೆ ಇಟ್ಟದ್ದು ಎಷ್ಟು ಗಂಟೆಗೆ?”

ಭಟ್ಟರಷ್ಟು ವೇಗವಾಗಿ ದೋಸೆ ಹೊಯ್ಯಲು ಮ್ಯಾನೇಜರಿಗೆ ಬರಬೇಕೆಂದಿಲ್ಲ. ಬೆಳಗ್ಗಿನ ರಶ್‌ನಲ್ಲಿ ಮ್ಯಾನೇಜರೇ ಕಾವಲಿ ಹಿಡಿದರೆ ಹೊರಗೆ ಟೇಬಲ್ ನೋಡುವವರಿರುವುದಿಲ್ಲ. ಆದರೆ ಡಿಸೆಂಬರಿನಲ್ಲಿ, ಎಸಿ ಅಡುಗೆಮನೆ 20 ಡಿಗ್ರಿಗೆ ಇಳಿದಾಗ, ಮಂಗಳೂರಿನ ರಾತ್ರಿಯ ಸೆಕೆಯಲ್ಲಿ ತಾನಾಗಿ ಬರುವ ಹಿಟ್ಟು ಇಲ್ಲಿ ಬೆಳಗಾದರೂ ಬರುವುದಿಲ್ಲ. ಆಗ ಪಾತ್ರೆಯನ್ನು ಇಡ್ಲಿ ಸ್ಟೀಮರ್ ಬದಿಯ ಬೆಚ್ಚಗಿನ ಜಾಗಕ್ಕೆ ಸರಿಸಿ, ಕಡೆಯುವವರ ಡ್ಯೂಟಿಯನ್ನು ಮೂರು ಗಂಟೆ ಮೊದಲಿಗೆ ಬರೆಯಿರಿ.