'ಹೋಗಲ್ಲ' ಅನ್ನುವುದರ ಕೊನೆಯ 'ಲ್ಲ': ಮೈಕ್ ಸೆಟ್ಟಿಂಗ್ ಬಗ್ಗೆ ಕೆಲಸ ಕಲಿಸಿದ್ದು

'ಈ ಬಟನ್ ಒತ್ತಿದರೆ ಫೈಲ್ ಅಳಿಸಿ ಹೋಗಲ್ಲ.' ಈ ವಾಕ್ಯದ ಜೀವ ಇರುವುದು ಕೊನೆಯ 'ಲ್ಲ'ದಲ್ಲಿ. ಮಾತಾಡುವವರ ದನಿ ಇಳಿಯುವುದೂ ಅಲ್ಲೇ, ನಾಯ್ಸ್ ಗೇಟ್ (ದನಿ ಒಂದು ಮಟ್ಟಕ್ಕಿಂತ ಇಳಿದಾಗ ಮೈಕನ್ನು ಮೌನವಾಗಿಸುವ ಫಿಲ್ಟರ್) ಬಾಗಿಲು ಹಾಕಿಕೊಳ್ಳುವುದೂ ಅಲ್ಲೇ. ತರಬೇತಿ ವಿಡಿಯೊ, ಲೈವ್ ಕ್ಲಾಸುಗಳ ಆಡಿಯೊ ನೋಡಿಕೊಳ್ಳುವ ಕೆಲಸದಲ್ಲಿ ಇದು ಬೇಗ ತಿಳಿಯುತ್ತದೆ: ಇಂಗ್ಲಿಷ್ ಟ್ಯುಟೋರಿಯಲ್ ನೋಡಿ ಅಂಕಿಗಳನ್ನು ಹಾಗೇ ಇಳಿಸಿಕೊಂಡರೆ ಕನ್ನಡದ ವಾಕ್ಯ ಬಾಲ ಕಳೆದುಕೊಳ್ಳುತ್ತದೆ.

ಮೊದಲು ಮೈಕ್ ಹತ್ತಿರ ತನ್ನಿ. ಬಾಯಿಂದ ಒಂದು ಗೇಣಿಗಿಂತ ಕಡಿಮೆ, ಸುಮಾರು 15 ಸೆಂ.ಮೀ. ಸಾಕು. ದೂರ ಅರ್ಧಕ್ಕಿಳಿದರೆ ದನಿ ಸುಮಾರು 6 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಏರುತ್ತದೆ, ಫ್ಯಾನಿನ ಸದ್ದು ಇದ್ದಷ್ಟೇ ಇರುತ್ತದೆ. ಯಾವ ಫಿಲ್ಟರೂ ಇಷ್ಟು ಅಗ್ಗವಾಗಿ ಈ ಉಪಕಾರ ಮಾಡುವುದಿಲ್ಲ. ಮೈಕ್ ಸ್ವಲ್ಪ ಪಕ್ಕಕ್ಕಿರಲಿ. ಪ, ಫ, ಭ ಅಂದಾಗ ಬರುವ ಗಾಳಿ ನೇರ ಬಡಿದರೆ 'ಧಬ್' ಅನ್ನುತ್ತದೆ. ಆಮೇಲೆ ಗೇನ್, ಅಂದರೆ ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕು ಎಂಬ ಸೆಟ್ಟಿಂಗ್. ಜೋರಾಗಿ ಮಾತಾಡಿದಾಗ ಮೀಟರ್ ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ಮುಟ್ಟಬೇಕು. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ. ಲ್ಯಾಪ್‌ಟಾಪಿನ 'ಮೈಕ್ ಬೂಸ್ಟ್' ಅನ್ನು 20, 30 ಡಿಬಿಗೆ ಏರಿಸಿದರೆ ದನಿಯ ಜೊತೆ 'ಸ್ಸ್' ಸದ್ದೂ ಅಷ್ಟೇ ಏರುತ್ತದೆ.

ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೈಕ್ ತೆರೆದು 'ಆಡಿಯೊ ಎನ್‌ಹಾನ್ಸ್‌ಮೆಂಟ್ಸ್' ಆಫ್ ಮಾಡಿ, ಫಾರ್ಮ್ಯಾಟ್ 48 ಕಿಲೋಹರ್ಟ್ಸ್‌ಗೆ (ಸೆಕೆಂಡಿಗೆ 48 ಸಾವಿರ ಸಲ ದನಿಯ ಮಾದರಿ ತೆಗೆಯುವ ವೇಗ) ಇಡಿ. ರೆಕಾರ್ಡಿಂಗ್, ಲೈವ್ ಎರಡಕ್ಕೂ ಬಳಸುವ ಓಬಿಎಸ್ ತಂತ್ರಾಂಶದ ಆಡಿಯೊ ಸೆಟ್ಟಿಂಗಿನಲ್ಲೂ ಅದೇ ಇರಲಿ. ಒಂದು ಕಡೆ 44.1, ಇನ್ನೊಂದು ಕಡೆ 48 ಇದ್ದರೂ ಎಷ್ಟೋ ಸಲ ನಡೆದುಹೋಗುತ್ತದೆ. ಕೆಲವು ಸಲ ಚಟಪಟ ಸದ್ದು ಬರುತ್ತದೆ, ಉದ್ದದ ರೆಕಾರ್ಡಿಂಗಿನಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ.

ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಬೇಡ. ಮೈಕ್ ಆನ್ ಆದ ಕೂಡಲೇ ಸಾಮಾನ್ಯವಾಗಿ ಅದು ಫೋನ್ ಕರೆಯ ಗುಣಮಟ್ಟಕ್ಕೆ, 16 ಅಥವಾ 8 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಮಾದರಿ ವೇಗದ ಅರ್ಧದವರೆಗಿನ ಸದ್ದಷ್ಟೇ ಉಳಿಯುವುದರಿಂದ 8ರಲ್ಲಿ ಸಿಗುವುದು 4 ಕಿಲೋಹರ್ಟ್ಸ್‌ವರೆಗಿನ ಸದ್ದು ಮಾತ್ರ. 'ಸ'ಕಾರದ ಹೆಚ್ಚಿನ ಪಾಲು ಅದಕ್ಕೂ ಮೇಲಿದೆ. ಸ ಯಾವುದು, ಶ ಯಾವುದು ಎಂದು ಕೇಳುಗರು ಊಹಿಸಬೇಕಾಗುತ್ತದೆ.

ಓಬಿಎಸ್‌ನಲ್ಲಿ ಫಿಲ್ಟರ್ ಹಾಕುವ ಕ್ರಮ: ನಾಯ್ಸ್ ಸಪ್ರೆಶನ್ (ಹಿನ್ನೆಲೆ ಸದ್ದು ತಗ್ಗಿಸುವುದು), ಗೇಟ್, ಕಂಪ್ರೆಸರ್ (ಜೋರು ದನಿಯನ್ನು ತಗ್ಗಿಸಿ ಏರಿಳಿತ ಕಡಿಮೆ ಮಾಡುವುದು), ಕೊನೆಗೆ ಲಿಮಿಟರ್ (ದನಿ ಒಂದು ಮಿತಿ ದಾಟದಂತೆ ತಡೆಯುವುದು). ಸಪ್ರೆಶನ್ ಒಂದೇ ಕಡೆ ಇರಲಿ. ವಿಂಡೋಸ್‌ನಲ್ಲೊಂದು, ಓಬಿಎಸ್‌ನಲ್ಲೊಂದು, ಮೀಟಿಂಗ್ ಆ್ಯಪಿನಲ್ಲಿ ಮತ್ತೊಂದು ಸೇರಿದರೆ ನೀರೊಳಗೆ ಕೂತು ಮಾತಾಡಿದಂತೆ ಕೇಳುತ್ತದೆ. ಒಂದೇ ಸಮನೆ ಬರುವ ಫ್ಯಾನ್ ಸದ್ದನ್ನು ಸಪ್ರೆಶನ್ ಚೆನ್ನಾಗಿ ತೆಗೆಯುತ್ತದೆ. ಮಾತಿನ ಮೇಲೇ ಬಿದ್ದ ಆಟೊ ಹಾರ್ನ್, ಕುಕ್ಕರ್ ಸೀಟಿಯನ್ನು ತೆಗೆಯಲು ಹೋಗಿ ಮಾತನ್ನೂ ಕಚ್ಚುತ್ತದೆ. ರಸ್ತೆ ಕಡೆಯ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಮಾರ್ಚ್, ಏಪ್ರಿಲ್ ಬಿಟ್ಟರೆ ಬೆಂಗಳೂರಿನಲ್ಲಿ ಅದೇನೂ ಶಿಕ್ಷೆಯಲ್ಲ.

ಇನ್ನು ಗೇಟ್. ಓಬಿಎಸ್ ತಾನಾಗಿ ಕೊಡುವ ಅಂಕಿಗಳು: ಮುಚ್ಚಲು ಮೈನಸ್ 32, ತೆರೆಯಲು ಮೈನಸ್ 26, ಹೋಲ್ಡ್ (ದನಿ ಇಳಿದ ಮೇಲೂ ಗೇಟ್ ತೆರೆದಿರುವ ಹೊತ್ತು) 200, ರಿಲೀಸ್ (ಆಮೇಲೆ ಮೆಲ್ಲಗೆ ಮುಚ್ಚಿಕೊಳ್ಳುವ ಹೊತ್ತು) 150 ಮಿಲಿಸೆಕೆಂಡ್. ಮೆಲುದನಿಯವರಿಗೆ ಇದು ಕತ್ತರಿ. ಹತ್ತು ಸೆಕೆಂಡ್ ಸುಮ್ಮನಿದ್ದು ಮೀಟರ್ ನೋಡಿ. ಕೋಣೆಯ ಸದ್ದು ಮೈನಸ್ 55 ಇದ್ದರೆ ಮುಚ್ಚುವುದನ್ನು ಮೈನಸ್ 48ಕ್ಕೆ, ತೆರೆಯುವುದನ್ನು ಮೈನಸ್ 42ಕ್ಕೆ ಇಡಿ. ಹೋಲ್ಡ್ 400, ರಿಲೀಸ್ 300 ಮಾಡಿ. 'ಇವತ್ತು ಆಗಲ್ಲ, ನಾಳೆ ಬರಬಹುದೇನೋ' ಎಂದು ದಿನನಿತ್ಯದ ದನಿಯಲ್ಲೇ ಹೇಳಿ ರೆಕಾರ್ಡ್ ಮಾಡಿ. 'ಏನೋ' ಪೂರ್ತಿ ಕೇಳಿಸುವವರೆಗೆ ಹೋಲ್ಡ್ ಏರಿಸಿ. ಕೋಣೆಯ ಸದ್ದೇ ಮೈನಸ್ 35 ಇದ್ದರೆ ಗೇಟಿನ ಆಸೆ ಬಿಡಿ, ಕೋಣೆ ಬದಲಿಸಿ.

ಕಂಪ್ರೆಸರ್ ತಾನಾಗಿ 10:1 ಇರುತ್ತದೆ, ಅಂದರೆ ಮಿತಿ ಮೀರಿದ 10 ಡಿಬಿಯನ್ನು 1ಕ್ಕೆ ಇಳಿಸುತ್ತದೆ. ಮಾತಿಗೆ 3:1, ಥ್ರೆಶೋಲ್ಡ್ (ಆ ಮಿತಿ) ಮೈನಸ್ 18 ಸಾಕು. ಲಿಮಿಟರ್ ಮೈನಸ್ 6ರಲ್ಲೇ ಇರಲಿ.

ಚಾರ್ಜರ್ ಹಾಕಿದಾಗ ಮಾತ್ರ 'ಗುಂಯ್' ಅಂದರೆ ಅದು ಕರೆಂಟಿನ 50 ಹರ್ಟ್ಸ್ ಗುಂಗು, ಹೆಚ್ಚಾಗಿ ಅರ್ಥಿಂಗ್ ತೊಂದರೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ, ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ನಿಗೆ ತೋರಿಸಿ. ದನಿ ಎಡಗಿವಿಯಲ್ಲಷ್ಟೇ ಬಂದರೆ ಓಬಿಎಸ್‌ನ ಅಡ್ವಾನ್ಸ್ಡ್ ಆಡಿಯೊದಲ್ಲಿ 'ಮೊನೊ' ಟಿಕ್ ಮಾಡಿ. ಮಾತು ಮೊದಲು, ತುಟಿ ಆಮೇಲೆ ಅಂತಾದರೆ ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಿ, ಸದ್ದಾದ ಎಷ್ಟು ಫ್ರೇಮ್ ಮೇಲೆ ಕೈ ಸೇರುತ್ತದೆ ಎಣಿಸಿ. 30 ಫ್ರೇಮ್ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ 33 ಮಿಲಿಸೆಕೆಂಡ್. ಮೂರಿದ್ದರೆ, ದನಿಯನ್ನು ಅಷ್ಟು ತಡಮಾಡಲು, ಸಿಂಕ್ ಆಫ್‌ಸೆಟ್ಟಿನಲ್ಲಿ 100 ಹಾಕಿ.